ಜೀರ್ಣೋದ್ಧಾರದಲ್ಲಿ ಲೋಹದ ಆಯ್ಕೆ: ಒಂದು ಐತಿಹಾಸಿಕ ನೋಟ

ಜಿನಮಂದಿರವನ್ನು ಹೊಸದಾಗಿ ಕಟ್ಟಿಸುವುದು ಎಷ್ಟು ಪುಣ್ಯಕಾರ್ಯವೋ ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದೂ ಅಷ್ಟೇ ಪುಣ್ಯಕಾರ್ಯವೆಂಬ ಭಾವನೆ ಕನ್ನಡ ನಾಡಿನಲ್ಲಿ ಬಹು ಪುರಾತನವಾದುದು. ಬಸದಿಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು, ಅಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು, ಭೂಮಿಯನ್ನು ಬಿಟ್ಟ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 12ನೆಯ ಶತಮಾನದ ಆರಂಭದಲ್ಲಿ ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿದನೆಂದೂ, ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದನೆಂದೂ ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ.

ಆದರೆ ಶಾಸನಗಳು ಕಲ್ಲಿನ ಮಾತನ್ನು ಹೇಳುತ್ತವೆ, ಭೂಮಿಯ ಮಾತನ್ನು ಹೇಳುತ್ತವೆ. ಬಾಗಿಲಿನ ತಿರುಗುಣಿ, ಅಗಳಿ, ಚಿಲಕ, ಸರಪಳಿಯ ಕೊಂಡಿ, ಮಾಡಿನ ಮೊಳೆ ಇವುಗಳ ಮಾತನ್ನು ವಿರಳವಾಗಿ ಹೇಳುತ್ತವೆ. ಕಟ್ಟಡದಲ್ಲಿ ಮೊದಲು ಸವೆಯುವುದೂ, ಮೊದಲು ಬದಲಾಯಿಸಬೇಕಾಗುವುದೂ ಇವೇ. ನಾಲ್ಕು ನೂರು ವರ್ಷದ ಬಾಗಿಲಿಗೆ ಹೊಂದುವ ತಿರುಗುಣಿಯು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಊರ ಕಮ್ಮಾರನೋ ಕಂಚುಗಾರನೋ ಹಳೆಯದನ್ನು ಎದುರಿಗಿಟ್ಟುಕೊಂಡು ಹೊಸದನ್ನು ಮಾಡಬೇಕು. ಆಗ ಏಳುವ ಪ್ರಥಮ ಪ್ರಶ್ನೆ: ಯಾವ ಲೋಹದಿಂದ? ‘ಗಟ್ಟಿಯಾದುದನ್ನು ಹಾಕಿ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ಉತ್ತರವು ಎಷ್ಟು ಅಪೂರ್ಣವೆಂಬುದನ್ನು ಲೋಕದ ಇತಿಹಾಸವು ದೊಡ್ಡ ಬೆಲೆ ತೆತ್ತು ಕಲಿತಿದೆ. ಆ ಪಾಠಗಳಲ್ಲಿ ಕೆಲವನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಕಲ್ಲಿನೊಳಗಿನ ಕಬ್ಬಿಣ

ಗ್ರೀಸ್ ದೇಶದ ಅಥೆನ್ಸ್ ನಗರದ ಪಾರ್ಥೆನಾನ್ ದೇಗುಲವು ಕ್ರಿ.ಪೂ. 447ರಲ್ಲಿ ಪ್ರಾರಂಭವಾಗಿ, ಕ್ರಿ.ಪೂ. 438ರಲ್ಲಿ ಅದರ ದೇವತೆಗೆ ಸಮರ್ಪಿತವಾಯಿತು. ಅದರ ಅಮೃತಶಿಲೆಯ ತುಂಡುಗಳನ್ನು ಗಾರೆಯಿಲ್ಲದೆ ಜೋಡಿಸಿ, ಪಕ್ಕಪಕ್ಕದ ಕಲ್ಲುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದರು. ಆ ಶಿಲ್ಪಿಗಳು ಕಬ್ಬಿಣವನ್ನು ಬರಿದಾಗಿ ಬಿಡಲಿಲ್ಲ. ಕಲ್ಲಿನಲ್ಲಿ ಗುಳಿ ತೋಡಿ, ಪಟ್ಟಿಯನ್ನು ಅದರಲ್ಲಿಟ್ಟು, ಸುತ್ತಲೂ ಕರಗಿಸಿದ ಸೀಸವನ್ನು ಎರೆದರು. ಸೀಸವು ಮೃದುವಾದ ಲೋಹ. ಅದು ನೀರನ್ನು ಕಬ್ಬಿಣದ ಬಳಿಗೆ ಬಿಡದು; ಕಟ್ಟಡವು ಅದುರಿದಾಗ ತಾನು ಕೊಂಚ ಬಗ್ಗಿ ಕಲ್ಲನ್ನು ಉಳಿಸುತ್ತದೆ.

1687ರ ಯುದ್ಧದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಆ ದೇಗುಲವು ಭಗ್ನವಾಯಿತು. 1898ರಿಂದ 1933ರ ವರೆಗೆ ನಿಕೋಲಾಸ್ ಬಲಾನೋಸ್ ಎಂಬ ಇಂಜಿನಿಯರು ಅದರ ಜೀರ್ಣೋದ್ಧಾರವನ್ನು ಶ್ರದ್ಧೆಯಿಂದ ನಡೆಸಿದನು. ಅವನೂ ಪೂರ್ವಿಕರಂತೆ ಕಬ್ಬಿಣವನ್ನೇ ಬಳಸಿದನು. ಸೀಸದ ಕವಚವನ್ನು ಮಾತ್ರ ಬಿಟ್ಟನು. ಪರಿಣಾಮವು ಕೆಲವೇ ದಶಕಗಳಲ್ಲಿ ಕಂಡಿತು. ಕಬ್ಬಿಣವು ತುಕ್ಕಾದಾಗ ಮೊದಲಿನ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಕಲ್ಲಿನ ಗುಳಿಯೊಳಗೆ ಉಬ್ಬಲು ಎಡೆಯೆಲ್ಲಿ? ಆ ತುಕ್ಕು ಕಲ್ಲನ್ನೇ ಸೀಳಿತು. ಎರಡು ಸಾವಿರ ವರ್ಷಗಳಲ್ಲಿ ಹಳೆಯ ಬಂಧಗಳು ಮಾಡದ ಹಾನಿಯನ್ನು ಅರ್ಧ ಶತಮಾನದ ಹೊಸ ಬಂಧಗಳು ಮಾಡಿದವು.

1975ರಲ್ಲಿ ಗ್ರೀಕ್ ಸರಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಮುಂದಿನ ಕಾರ್ಯದಲ್ಲಿ ಆ ಕಬ್ಬಿಣವನ್ನು ಒಂದೊಂದಾಗಿ ಕಿತ್ತು, ಟೈಟೇನಿಯಂ ಎಂಬ ಲೋಹದ ಬಂಧಗಳನ್ನು ಹಾಕಲಾಯಿತು. ಟೈಟೇನಿಯಂಗೆ ತುಕ್ಕಿಲ್ಲ; ಬಿಸಿಲಿಗೆ ಅದು ಹಿಗ್ಗುವ ಪ್ರಮಾಣವು ಹೆಚ್ಚುಕಡಿಮೆ ಅಮೃತಶಿಲೆಯದೇ. ಇವೆರಡಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಭೂಕಂಪದಂತಹ ಭಾರಿ ಒತ್ತಡ ಬಂದಾಗ ಕಲ್ಲು ಒಡೆಯುವುದಕ್ಕೆ ಮುಂಚೆ ಬಂಧವೇ ಬಗ್ಗುವಂತೆ ಅದರ ದಪ್ಪವನ್ನು ಲೆಕ್ಕಹಾಕಿ ಕಡಿಮೆ ಮಾಡಿದರು. ಬಂಧವನ್ನು ಮತ್ತೆ ಮಾಡಬಹುದು, ಪ್ರಾಚೀನ ಶಿಲೆಯನ್ನು ಮತ್ತೆ ತರಲಾಗದು. ಬದಲಿ ಭಾಗವು ಮೂಲ ವಸ್ತುವಿಗಿಂತ ಬಲಿಷ್ಠವಾಗಿರಬಾರದೆಂಬ ಈ ತತ್ವವನ್ನು ‘ಗಟ್ಟಿಯಾದುದನ್ನು ಹಾಕಿ’ ಎನ್ನುವವರು ಗಮನಿಸಬೇಕು.

ಹಳೆಯ ಕಬ್ಬಿಣ, ಹೊಸ ಕಬ್ಬಿಣ

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನಮ್ಮ ಪೂರ್ವಿಕರ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿರಲಿಲ್ಲವಲ್ಲ, ದಿಲ್ಲಿಯ ಸ್ತಂಭವೇ ಸಾಕ್ಷಿಯಲ್ಲವೆ ಎಂದು ಕೇಳುವವರುಂಟು. ಸುಮಾರು 7 ಮೀಟರ್ ಎತ್ತರದ, 6 ಟನ್ನಿಗೂ ಮಿಕ್ಕಿದ ತೂಕದ ಆ ಸ್ತಂಭವನ್ನು ಗುಪ್ತವಂಶದ ಎರಡನೆಯ ಚಂದ್ರಗುಪ್ತನ ಕಾಲದ್ದೆಂದು ಗುರುತಿಸಲಾಗಿದೆ. ಹದಿನಾರು ಶತಮಾನಗಳ ಮಳೆ ಗಾಳಿಗಳನ್ನು ಅದು ತಡೆದು ನಿಂತಿರುವುದು ನಿಜ. ಕಾನ್ಪುರದ ಐ.ಐ.ಟಿ.ಯಲ್ಲಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು 2000ದಲ್ಲಿ ಪ್ರಕಟಿಸಿದ ಸಂಶೋಧನೆಯು ಇದಕ್ಕೆ ಕಾರಣವನ್ನು ವಿವರಿಸಿತು. ಇದ್ದಲಿನಲ್ಲಿ ಕರಗಿಸದೆ ಕಾಯಿಸಿ ಬಡಿದು ತೆಗೆದ ಆ ಕಬ್ಬಿಣದಲ್ಲಿ ರಂಜಕದ ಅಂಶ ಶೇಕಡಾ ಕಾಲು ಭಾಗದಷ್ಟಿದೆ. ಅದರಿಂದ ಮೇಲ್ಮೈಯಲ್ಲಿ ಒಂದು ತೆಳುವಾದ ಪೊರೆ ಬೆಳೆದು, ಒಳಗಿನ ಲೋಹವನ್ನು ಕಾಯುತ್ತಿದೆ. ದಿಲ್ಲಿಯ ಒಣ ಹವೆಯೂ ಸಹಾಯಕವಾಗಿದೆ.

ಈಗಿನ ಕಾರ್ಖಾನೆಗಳು ರಂಜಕವನ್ನು ಬೇಕೆಂದೇ ತೆಗೆದುಹಾಕುತ್ತವೆ. ಅದು ಹೆಚ್ಚಾದರೆ ಉಕ್ಕು ಪೆಡಸಾಗುತ್ತದೆ. ಆದುದರಿಂದ ‘ಅಂದೂ ಕಬ್ಬಿಣ, ಇಂದೂ ಕಬ್ಬಿಣ’ ಎಂದು ಹೆಸರನ್ನು ನಂಬಿ ಬದಲಿ ಭಾಗವನ್ನು ಮಾಡಿಸುವುದು ಸರಿಯಲ್ಲ. ಹಳೆಯ ಅಗಳಿಯು ಮುನ್ನೂರು ವರ್ಷ ಬಾಳಿತೆಂದ ಮಾತ್ರಕ್ಕೆ, ಅದೇ ಅಳತೆಯಲ್ಲಿ ಇಂದಿನ ಮೆದು ಉಕ್ಕಿನಿಂದ ಮಾಡಿದ ಅಗಳಿಯು ಅಷ್ಟೇ ಕಾಲ ಬಾಳಲಾರದು. ಅದಕ್ಕೆ ಬಣ್ಣವೋ, ಎಣ್ಣೆಯೋ, ಸತುವಿನ ಲೇಪವೋ ಬೇಕು. ಲಾರಿಯ ಕಮಾನು ಪಟ್ಟಿಯ ಗುಜರಿಯಿಂದ ಮಾಡಿದ ಭಾಗವು ಕಲ್ಲಿಗೂ ಮರಕ್ಕೂ ಅತಿ ಗಡುಸಾಗುತ್ತದೆಂಬುದನ್ನೂ ನೆನಪಿಡಬೇಕು.

ಎರಡು ಲೋಹಗಳ ಸಹವಾಸ

ಒಂದೇ ಲೋಹದ ಗುಣದೋಷಗಳನ್ನು ತಿಳಿದರೆ ಸಾಲದು. ಅದರ ನೆರೆಯಲ್ಲಿ ಯಾವ ಲೋಹವಿದೆಯೆಂಬುದನ್ನೂ ನೋಡಬೇಕು. ಈ ಪಾಠವು ಮೊದಲು ಕಲಿತದ್ದು ಸಮುದ್ರದಲ್ಲಿ. ಹಡಗಿನ ಮರದ ತಳವನ್ನು ಕೊರೆಯುವ ಹುಳುಗಳಿಂದ ಕಾಪಾಡಲು ಇಂಗ್ಲೆಂಡಿನ ನೌಕಾಪಡೆಯು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿಗೆ ತಾಮ್ರದ ತಗಡನ್ನು ಹೊದಿಸಿತು. 1763ರಲ್ಲಿ ಹಡಗನ್ನು ಪರೀಕ್ಷಿಸಿದಾಗ ತಾಮ್ರವು ಚೆನ್ನಾಗಿಯೇ ಇತ್ತು. ಆದರೆ ತಾಮ್ರವು ತಾಗಿದಲ್ಲೆಲ್ಲ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಒಂದು ವಿಶೇಷವನ್ನು ಅವರು ಕಂಡರು: ತಗಡನ್ನು ಸುತ್ತಿ ತಂದಿದ್ದ ಕಂದು ಕಾಗದವು ಎಲ್ಲೆಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದಿತ್ತೋ ಅಲ್ಲಿನ ಮೊಳೆಗಳು ಹಾಳಾಗಿರಲಿಲ್ಲ. ಲೋಹಗಳು ಪರಸ್ಪರ ತಾಗಕೂಡದೆಂಬ ಅರಿವು ಕಂಡುಬಂದದ್ದು ಹೀಗೆ. ಎರಡು ಲೋಹಗಳ ನಡುವೆ ಹುಟ್ಟುವ ವಿದ್ಯುತ್ತನ್ನು ವೋಲ್ಟಾನು 1800ರಲ್ಲಿ ತೋರಿಸಿಕೊಡುವುದಕ್ಕೆ ನಾಲ್ಕು ದಶಕಗಳ ಹಿಂದಿನ ಮಾತಿದು. ಮುಂದೆ 1780ರ ದಶಕದಲ್ಲಿ ತಾಮ್ರದ ತಗಡಿಗೆ ತಾಮ್ರದ ಮಿಶ್ರಲೋಹದ ಬೋಲ್ಟುಗಳನ್ನೇ ಬಳಸುವ ಪದ್ಧತಿ ಬಂದಿತು.

1824ರಲ್ಲಿ ಸರ್ ಹಂಫ್ರಿ ಡೇವಿ ಈ ಗುಣವನ್ನು ತಿರುಗಿಸಿ ಉಪಯೋಗಿಸಿದನು. ತಾಮ್ರದ ಪಕ್ಕದಲ್ಲಿ ಸತುವಿನ ಅಥವಾ ಕಬ್ಬಿಣದ ಸಣ್ಣ ತುಂಡನ್ನಿಟ್ಟರೆ ಅದು ತಾನು ಸವೆದು ತಾಮ್ರವನ್ನು ಉಳಿಸುತ್ತದೆ. ಪ್ರಯೋಗವು ಫಲಿಸಿತು. ಆದರೆ ತಾಮ್ರವು ಸ್ವಲ್ಪ ಸ್ವಲ್ಪವಾಗಿ ಕರಗುತ್ತಿದ್ದುದರಿಂದಲೇ ಹಡಗಿನ ತಳಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ಅಂಟುತ್ತಿರಲಿಲ್ಲ. ತಾಮ್ರವು ಕರಗುವುದು ನಿಂತೊಡನೆ ಅವು ಅಂಟಿ ಹಡಗುಗಳ ವೇಗವು ಕುಂದಿತು. ಆ ರಕ್ಷಕ ತುಂಡುಗಳನ್ನು ಕೆಲವೇ ವರ್ಷಗಳಲ್ಲಿ ತೆಗೆಯಬೇಕಾಯಿತು. ಒಂದು ಭಾಗವು ಇರುವ ಉದ್ದೇಶವನ್ನರಿಯದೆ ಅದನ್ನು ಕೇವಲ ಉಳಿಸುವುದರಿಂದ ಪ್ರಯೋಜನವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಆ ತತ್ವವು ಬೇರೆಡೆ ಸಾರ್ಥಕವಾಯಿತು. 1837ರಲ್ಲಿ ಫ್ರಾನ್ಸಿನಲ್ಲಿ ಸೋರೆಲ್ ಎಂಬಾತನು ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಹಕ್ಕು ಪಡೆದನು. ಇಂದು ಅಂಗಡಿಗಳಲ್ಲಿ ‘ಜಿ.ಐ.’ ಎಂದು ಮಾರುವ ತಗಡು, ಕೊಳಾಯಿ, ಮೊಳೆಗಳೆಲ್ಲ ಅದರ ಸಂತಾನವೇ.

ಇದೇ ಪಾಠವನ್ನು ಅಮೇರಿಕವು ಮತ್ತೊಮ್ಮೆ ಕಲಿಯಬೇಕಾಯಿತು. 1886ರಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಸ್ಥಾಪಿತವಾದ ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ಹೊರಗೆ ತಾಮ್ರದ ಹೊದಿಕೆ, ಒಳಗೆ ಅದನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಗಳು. ಇವೆರಡೂ ತಾಗದಂತೆ ನಡುವೆ ಅರಗಿನಲ್ಲಿ ಅದ್ದಿದ ಕಲ್ನಾರನ್ನು ಇಟ್ಟಿದ್ದರು. ಆ ಪದರವು ಕಾಲಕ್ರಮದಲ್ಲಿ ಜೀರ್ಣವಾಗಿ, ಸಮುದ್ರದ ತೇವವು ಸೇರಿ, ಕಬ್ಬಿಣವು ತುಕ್ಕಿನಿಂದ ಉಬ್ಬಿ ತಾಮ್ರದ ಕೊಂಡಿಗಳನ್ನು ಕಿತ್ತಿತು. 1984ರಿಂದ 1986ರ ವರೆಗೆ ನಡೆದ ದುರಸ್ತಿಯಲ್ಲಿ ಸಾವಿರಕ್ಕೂ ಮಿಕ್ಕಿದ ಪಟ್ಟಿಗಳನ್ನು ಬದಲಾಯಿಸಿದರು. ಒಂದು ಪಟ್ಟಿಯ ಬಾಗು ಇನ್ನೊಂದಕ್ಕಿಲ್ಲವಾದುದರಿಂದ ಪ್ರತಿಯೊಂದನ್ನೂ ಹಳೆಯದಕ್ಕೆ ಸರಿಹೊಂದುವಂತೆ ಬೇರೆಬೇರೆಯಾಗಿಯೇ ಬಗ್ಗಿಸಬೇಕಾಯಿತು. ಉಪ್ಪು ಗಾಳಿಯನ್ನು ತಡೆಯಬಲ್ಲ ಸ್ಟೈನ್‌ಲೆಸ್ ಸ್ಟೀಲನ್ನು ಆರಿಸಿಕೊಂಡು, ನಡುವೆ ಟೆಫ್ಲಾನಿನ ಪಟ್ಟಿಯನ್ನು ಹಾಕಿದರು.

ಮೂಡಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ತ್ರಿಭುವನ ತಿಲಕ ಚೂಡಾಮಣಿ ಬಸದಿಯ, ಅಂದರೆ ಸಾವಿರ ಕಂಬದ ಬಸದಿಯ, ಮೇಲಂತಸ್ತಿನ ಇಳಿಜಾರು ಮಾಡಿಗೆ ತಾಮ್ರದ ಹೊದಿಕೆಯಿರುವುದನ್ನು ಯಾತ್ರಿಕರು ಬಲ್ಲರು. ಕರಾವಳಿಯ ಭಾರಿ ಮಳೆಯಲ್ಲಿ ಅಂತಹ ಮಾಡಿನ ಒಂದು ತಗಡು ಸಡಿಲವಾದಾಗ ಅವಸರದಲ್ಲಿ ಹೊಡೆದ ಒಂದು ಕಬ್ಬಿಣದ ಮೊಳೆಯ ಗತಿಯೇನಾದೀತೆಂಬುದನ್ನು ‘ಅಲಾರ್ಮ್’ ಹಡಗು ಎರಡೂವರೆ ಶತಮಾನದ ಹಿಂದೆಯೇ ಹೇಳಿದೆ. ತಾಮ್ರದ ತಗಡಿಗೆ ತಾಮ್ರದ ಮೊಳೆಯೇ ಸರಿ. ದೊಡ್ಡ ತಾಮ್ರದ ಹಾಸಿನಲ್ಲಿ ಸಣ್ಣ ಕಬ್ಬಿಣವು ಬೇಗ ನಾಶವಾಗುತ್ತದೆ. ದೊಡ್ಡ ಕಬ್ಬಿಣದಲ್ಲಿ ಸಣ್ಣ ತಾಮ್ರವು ಅಷ್ಟು ಅಪಾಯಕಾರಿಯಲ್ಲ. ಸಣ್ಣ ಭಾಗವು ಎಂದೂ ನೆರೆಯ ದೊಡ್ಡ ಭಾಗಕ್ಕಿಂತ ಬೇಗ ಸವೆಯುವ ಲೋಹದ್ದಾಗಿರಬಾರದೆಂಬುದು ಇದರಿಂದ ದೊರೆಯುವ ಸೂತ್ರ.

ಹಿತ್ತಾಳೆ ಮತ್ತು ಕಂಚು

ಬಸದಿಯ ಬಾಗಿಲಿಗೆ ಕಬ್ಬಿಣದ ನಂತರ ನೆನಪಾಗುವುದು ಹಿತ್ತಾಳೆ. ತಾಮ್ರಕ್ಕೆ ಸತುವನ್ನು ಕೂಡಿಸಿದರೆ ಹಿತ್ತಾಳೆ, ತವರವನ್ನು ಕೂಡಿಸಿದರೆ ಕಂಚು. ಕನ್ನಡ ನಾಡಿನಲ್ಲಿ ಈ ಲೋಹಗಳ ಕೆಲಸವನ್ನೂ ವ್ಯಾಪಾರವನ್ನೂ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಬೋಗಾರರು ಜೈನ ಸಮಾಜಕ್ಕೆ ಸೇರಿದವರೇ ಎಂಬುದು ಇಲ್ಲಿ ಸ್ಮರಣೀಯ. ಸತುವಿನ ಚರಿತ್ರೆಯಂತೂ ಭಾರತಕ್ಕೆ ಹೆಮ್ಮೆ ತರುವಂಥದು. ಸತುವಿನ ಅದುರನ್ನು ಸುಮಾರು 1,000 ಡಿಗ್ರಿ ಶಾಖಕ್ಕೆ ಏರಿಸಿದರೆ ಮಾತ್ರ ಲೋಹವು ಬಿಡುಗಡೆಯಾಗುತ್ತದೆ. ಆದರೆ ಸತುವು 907 ಡಿಗ್ರಿಗೇ ಆವಿಯಾಗಿ ಹಾರಿಹೋಗುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಜಾವರ್ ಎಂಬಲ್ಲಿನ ಕುಶಲಿಗಳು ಬದನೆಕಾಯಿಯಾಕಾರದ ಮಣ್ಣಿನ ಪಾತ್ರೆಗಳಲ್ಲಿ ಅದುರನ್ನು ತುಂಬಿ, ಬಾಯನ್ನು ಕೆಳಮುಖವಾಗಿಟ್ಟು, ಆವಿಯನ್ನು ಕೆಳಗಿನ ತಂಪಾದ ಪಾತ್ರೆಗೆ ಇಳಿಸಿ ಲೋಹವಾಗಿಸಿದರು. ಯೂರೋಪಿನಲ್ಲಿ ವಿಲಿಯಂ ಚಾಂಪಿಯನ್ ಎಂಬಾತನು ಇಂತಹ ವಿಧಾನಕ್ಕೆ ಹಕ್ಕು ಪಡೆದದ್ದು 1738ರಲ್ಲಿ. ಜಾವರಿನ ಕುಲುಮೆಗಳು ಅದಕ್ಕೆ ಶತಮಾನಗಳ ಮುಂಚೆಯೇ ಉರಿದಿದ್ದವು. ಆ ಗಣಿಯ ಊರಿನಲ್ಲಿ ಇಂದಿಗೂ ಪ್ರಾಚೀನ ಜಿನಾಲಯಗಳಿವೆ.

ಹಿತ್ತಾಳೆಗೆ ತುಕ್ಕಿಲ್ಲ, ಅರವು ಅದರ ಮೇಲೆ ಸುಲಭವಾಗಿ ಓಡುತ್ತದೆ, ಸಾಮಾನ್ಯ ಕುಲುಮೆಯಲ್ಲಿ ಅದು ಕರಗುತ್ತದೆ. ಮನೆಯ ಹಿತ್ತಿಲಲ್ಲಿಯೂ ಭಾಗಗಳನ್ನು ಮಾಡಿಕೊಳ್ಳುವವರಿಗೆ ಇದು ಪ್ರಿಯವಾಗಿರುವುದು ಸಹಜ; ಕರಗಿಸುವಾಗ ಏಳುವ ಸತುವಿನ ಬಿಳಿ ಹೊಗೆಯನ್ನು ಮಾತ್ರ ಉಸಿರಾಡಬಾರದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಸತುವು ಹೆಚ್ಚಾಗಿರುವ ಹಳದಿ ಹಿತ್ತಾಳೆಯು ಉಪ್ಪಿನ ತೇವದಲ್ಲಿ ಬಹುಕಾಲ ಇದ್ದರೆ ಅದರೊಳಗಿನ ಸತುವು ಕರಗಿಹೋಗಿ, ಕೆಂಪಗೆ ತೂತುತೂತಾದ ತಾಮ್ರ ಮಾತ್ರ ಉಳಿಯುತ್ತದೆ. ಹೊರಗಿನ ಆಕಾರವು ಹಾಗೆಯೇ ಇರುತ್ತದೆ, ಬಲವಿರುವುದಿಲ್ಲ.

ಇನ್ನೊಂದು ದೋಷವನ್ನು ಪತ್ತೆ ಹಚ್ಚಲು ಕಾರಣವಾದದ್ದು ಭಾರತದ ಮಳೆಗಾಲ. ಬ್ರಿಟಿಷ್ ಸೈನ್ಯವು ಮಳೆಗಾಲದಲ್ಲಿ ತನ್ನ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ತೋಟೆಗಳು ತಾವಾಗಿಯೇ ಸೀಳಿರುತ್ತಿದ್ದವು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ ಅನಿಲವೂ, ತಣ್ಣಗಿರುವಾಗಲೇ ಒತ್ತಿ ರೂಪಿಸಿದ್ದರಿಂದ ಲೋಹದೊಳಗೆ ಉಳಿದ ಬಿಗುವೂ ಸೇರಿ ಈ ಬಿರುಕು ಉಂಟಾಗುವುದೆಂದು 1921ರಲ್ಲಿ ವಿವರಣೆ ಪ್ರಕಟವಾಯಿತು. ರೂಪಿಸಿದ ನಂತರ ಹದವಾಗಿ ಕಾಯಿಸಿ ಆ ಬಿಗುವನ್ನು ಇಳಿಸುವುದೇ ಇದಕ್ಕೆ ಪರಿಹಾರ. ಕುದುರೆ ಲಾಯಕ್ಕೂ ಬಸದಿಗೂ ಏನು ಸಂಬಂಧವೆಂದು ಯಾರೂ ಕೇಳಬೇಕಾಗಿಲ್ಲ; ಬಾವಲಿಗಳೂ ಪಾರಿವಾಳಗಳೂ ವಾಸವಾಗಿರುವ ಕತ್ತಲೆಯ ಮಂಟಪಗಳಲ್ಲಿ ಇದೇ ಅಮೋನಿಯಾ ಏಳುತ್ತದೆ. ತಣ್ಣಗೆ ಬಡಿದು ಬಗ್ಗಿಸಿದ ಹಿತ್ತಾಳೆಯ ಕೊಂಡಿಯನ್ನು ಹಾಗೆಯೇ ಅಲ್ಲಿ ಹಾಕಿ, ಅದರಿಂದ ಭಾರವಾದ ದೀಪವನ್ನು ತೂಗುಬಿಡುವುದು ಅಪಾಯಕರ.

ಕಂಚಿಗೆ ಈ ದೋಷಗಳು ಬಹಳ ಕಡಿಮೆ. ನೂರಕ್ಕೆ ಹತ್ತರಷ್ಟು ತವರವಿರುವ ಕಂಚು ಉಪ್ಪು ಗಾಳಿಯಲ್ಲಿಯೂ ಬಾಳುತ್ತದೆ, ತಿರುಗುವ ಭಾಗಗಳಿಗೂ ಒಪ್ಪುತ್ತದೆ. ಆದರೆ ಒಡೆದ ಗಂಟೆಯನ್ನು ಕರಗಿಸಿ ತಿರುಗುಣಿ ಮಾಡಿಸುವುದು ಸಲ್ಲದು. ಗಂಟೆಯ ಕಂಚಿನಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೆರಡರಷ್ಟು ತವರವಿರುತ್ತದೆ. ಅದರ ಮಧುರ ನಾದಕ್ಕೆ ಕಾರಣವಾದ ಗಡಸುತನವೇ ಪೆಟ್ಟಿಗೆ ಚೂರಾಗುವುದಕ್ಕೂ ಕಾರಣ. ಅಗ್ಗವೂ ಹಗುರವೂ ಆದ ಅಲ್ಯೂಮಿನಿಯಂ ಸುಣ್ಣದ ಹಸಿ ಗಾರೆಯಲ್ಲಿ ಸವೆಯುವುದರಿಂದ ಗೋಡೆಯಲ್ಲಿ ಹುದುಗಿಸಲು ಯೋಗ್ಯವಲ್ಲ.

ಯಾವುದು ಸವೆಯಬೇಕು?

ಇಷ್ಟೆಲ್ಲ ಉದಾಹರಣೆಗಳಿಂದ ಹೊರಡುವ ಮಾತು ಒಂದೇ. ಲೋಹಗಳಲ್ಲಿ ತಾನಾಗಿ ಶ್ರೇಷ್ಠವಾದುದು ಯಾವುದೂ ಇಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕನ್ನು ಗಮನಿಸಿ ವಸ್ತುವನ್ನು ನಿರ್ಣಯಿಸಬೇಕೆಂದು ಕೇಳಿ ಬಲ್ಲವರಿಗೆ ಇದು ಹೊಸದೆನಿಸದು. ಯಾವ ಲೋಹ, ಯಾವುದರ ಪಕ್ಕದಲ್ಲಿ, ಎಂತಹ ಹವೆಯಲ್ಲಿ, ಎಷ್ಟು ಕಾಲಕ್ಕೆ, ಯಾವ ಕೆಲಸಕ್ಕೆ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು. ಇವುಗಳಿಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕು: ಎರಡು ಭಾಗಗಳು ಉಜ್ಜುವಲ್ಲಿ ಯಾವುದು ಸವೆಯಲಿ? ಗಡಿಯಾರ ಮಾಡುವವರು ಉಕ್ಕಿನ ಅಚ್ಚಿಗೆ ಹಿತ್ತಾಳೆಯ ಆಸರೆಯನ್ನು ಕೊಡುತ್ತ ಬಂದಿದ್ದಾರೆ. ಬಾಗಿಲಿನ ಕಲ್ಲಿನ ಗುಳಿ ಸವೆಯಬಾರದೆಂದಾದರೆ ಅದರಲ್ಲಿ ಕಂಚಿನ ಬಟ್ಟಲೊಂದನ್ನು ಕೂರಿಸಬಹುದು. ಇಪ್ಪತ್ತು ವರ್ಷಕ್ಕೊಮ್ಮೆ ಬಟ್ಟಲು ಬದಲಾಗುತ್ತದೆ, ಕಲ್ಲು ಉಳಿಯುತ್ತದೆ.

ಬಿಸಿಲಿನ ಲೆಕ್ಕವನ್ನೂ ಮರೆಯಲಾಗದು. ಒಂದು ಮೀಟರ್ ಉದ್ದದ ಹಿತ್ತಾಳೆಯ ಸರಳು 30 ಡಿಗ್ರಿ ಶಾಖ ಏರಿದಾಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಕಣಶಿಲೆಯು ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ಎರಡು ಕಂಬಗಳ ನಡುವೆ ಇಂತಹ ಸರಳನ್ನು ಅಲುಗಾಡದಂತೆ ಬಿಗಿದರೆ ಪ್ರತಿ ಮಧ್ಯಾಹ್ನವೂ ಅದು ಕಂಬಗಳನ್ನು ದೂಡುತ್ತಿರುತ್ತದೆ. ಒಂದು ತುದಿಗೆ ಕೊಂಚ ಎಡೆ ಬಿಟ್ಟರೆ ಸಾಕು.

ಜೀರ್ಣೋದ್ಧಾರ ಸಮಿತಿಗಳು ಕೈಗೊಳ್ಳಬಹುದಾದ, ಹಣದ ವೆಚ್ಚವಿಲ್ಲದ ಒಂದು ಕೆಲಸವುಂಟು. ಕಿತ್ತ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ತೆಗೆದಿಡಬೇಕು. ಅದು ಎಲ್ಲಿ ಸವೆದಿದೆ, ಎಲ್ಲಿ ಮುರಿದಿದೆ ಎಂಬುದೇ ಹೊಸದನ್ನು ಮಾಡುವವನಿಗೆ ಗುರು. ಹೊಸ ಭಾಗವನ್ನು ಯಾವ ಲೋಹದಿಂದ, ಯಾವ ವರ್ಷದಲ್ಲಿ, ಎಲ್ಲಿ ಹಾಕಲಾಯಿತೆಂದು ಬಸದಿಯ ಪುಸ್ತಕದಲ್ಲಿ ಬರೆದಿಡಬೇಕು. ದತ್ತಿಯ ಒಂದೊಂದು ಗದ್ದೆಯ ಎಲ್ಲೆಯನ್ನೂ ಕಲ್ಲಿನಲ್ಲಿ ಕೊರೆಸಿಟ್ಟ ಹಿರಿಯರ ಮಕ್ಕಳಿಗೆ ಇದು ಕಷ್ಟದ ಕೆಲಸವಲ್ಲ. ಪಾರ್ಥೆನಾನಿನ ಕಲ್ಲನ್ನು ಸೀಳಿದ ಕಬ್ಬಿಣವನ್ನು ಹಾಕಿದವನು ಅಶ್ರದ್ಧನಾಗಿರಲಿಲ್ಲ; ಆ ಕಾಲದಲ್ಲಿ ಲಭ್ಯವಿದ್ದ ಗಟ್ಟಿಯಾದ ವಸ್ತುವನ್ನೇ ಹಾಕಿದ್ದನು. ಸೀಸವನ್ನು ಏತಕ್ಕೆ ಎರೆದಿದ್ದರೆಂಬುದನ್ನು ಮಾತ್ರ ಅವನು ಹಳೆಯ ಬಂಧಗಳಿಂದ ಕೇಳಿ ತಿಳಿಯಲಿಲ್ಲ.

ಬಿಂಬವು ಪ್ರತಿಷ್ಠೆಗೊಂಡ ದಿನ ಬಾಗಿಲು ತೆರೆಯುತ್ತದೆ. ಆ ಬಾಗಿಲನ್ನು ನಾಳೆಯೂ, ನೂರು ವರ್ಷದ ಮೇಲೆಯೂ ಯಾರೋ ಒಬ್ಬರು ಪ್ರಾತಃಕಾಲದಲ್ಲಿ ತೆರೆಯಬೇಕಾಗಿದೆ. ಆಗ ಅದು ಸದ್ದಿಲ್ಲದೆ ತಿರುಗುವುದೋ, ಚೌಕಟ್ಟಿನ ಕಲ್ಲನ್ನು ಸೀಳಿ ನಿಲ್ಲುವುದೋ ಎಂಬುದು ಇಂದು ಕಮ್ಮಾರನ ಅಡಿಗಲ್ಲಿನ ಮೇಲೆ ಯಾವ ಲೋಹವನ್ನು ಇಡಲಾಗುತ್ತದೆ ಎಂಬುದನ್ನು ಅವಲಂಬಿಸಿದೆ.